ಮೆಮೊರಿ ಕಾರ್ಡ್ ಕೆಟ್ಟರೆ ಮೊದಲು ನಕಲು, ಆಮೇಲೆ ರಿಪೇರಿ

ಮಾನ್ಯ ಸಂಪಾದಕರಿಗೆ,

ಮದುವೆ, ಗೃಹಪ್ರವೇಶ, ನೇಮ, ಬ್ರಹ್ಮಕಲಶ, ಯಕ್ಷಗಾನ ಬಯಲಾಟ ಎಂದು ನವೆಂಬರಿನಿಂದ ಮೇ ಕೊನೆಯ ಪತ್ತನಾಜೆಯವರೆಗೆ ನಮ್ಮ ಕರಾವಳಿಯಲ್ಲಿ ಕ್ಯಾಮೆರಾಗಳಿಗೆ ಬಿಡುವೇ ಇರುವುದಿಲ್ಲ. ಆ ತಿಂಗಳುಗಳಲ್ಲಿ ಅಂಚೆಚೀಟಿಯಷ್ಟು ದೊಡ್ಡದಾದ ಒಂದು ಪ್ಲಾಸ್ಟಿಕ್ ಚೂರನ್ನು ಅಂಗೈಯಲ್ಲಿ ಹಿಡಿದು, “ಇದರಲ್ಲಿದ್ದ ಫೋಟೊಗಳು ಕಾಣಿಸುತ್ತಿಲ್ಲ, ಏನಾದರೂ ಮಾಡಿಕೊಡಿ” ಎಂದು ಕಂಪ್ಯೂಟರ್ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತುವವರಲ್ಲಿ ಕಳೆದ ವರ್ಷ ನಾನೂ ಒಬ್ಬನಾಗಿದ್ದೆ. ಕಾರ್ಡ್ ಓದಲು ಬರುತ್ತಿಲ್ಲ ಎಂಬ ಸೂಚನೆ ಕಾಣಿಸಿಕೊಂಡ ಹೊತ್ತಿನಲ್ಲಿ ಫೋಟೊಗಳು ಹೆಚ್ಚಿನ ಸಂದರ್ಭಗಳಲ್ಲಿ ಕಾರ್ಡಿನೊಳಗೇ ಇರುತ್ತವೆ ಎಂಬುದನ್ನೂ, ಅವು ಶಾಶ್ವತವಾಗಿ ಹೋಗುವುದು ಆ ಬಳಿಕ, ಉಳಿಸಲು ಹೊರಟವರ ಕೈಯಿಂದಲೇ ಎಂಬುದನ್ನೂ ನಾನು ಸಾಕಷ್ಟು ನಷ್ಟಪಟ್ಟುಕೊಂಡು ತಿಳಿದುಕೊಂಡೆ. ಇತರರಿಗೆ ಆ ನಷ್ಟವಾಗದಿರಲಿ ಎಂಬ ಕಾರಣಕ್ಕೆ ಈ ಪತ್ರ.

ನಮ್ಮ ಹಿರಿಯರು ಹೇಳಿಕೊಂಡಿದ್ದ ಹರಕೆಯ ಬಯಲಾಟವೊಂದು ಅನೇಕ ವರ್ಷಗಳ ಸರದಿ ಕಾದ ಮೇಲೆ ಕಳೆದ ಮಾರ್ಚ್ ತಿಂಗಳಿನಲ್ಲಿ ನಮ್ಮ ಕುಟುಂಬದ ಮನೆಯ ಎದುರಿನ ಗದ್ದೆಯಲ್ಲಿ ನಡೆಯಿತು. ಅಣ್ಣನ ಮಗನಿಗೆ ಛಾಯಾಗ್ರಹಣದ ಹವ್ಯಾಸವಿದ್ದುದರಿಂದ ಬೇರೆ ಯಾರನ್ನೂ ಗೊತ್ತುಮಾಡಿರಲಿಲ್ಲ. ಸಂಜೆ ಚೌಕಿಯಲ್ಲಿ, ಎಂದರೆ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಜಾಗದಲ್ಲಿ, ನಡೆಯುವ ಪೂಜೆಯಿಂದ ತೊಡಗಿ ಅವನು ಚಿತ್ರ ತೆಗೆಯುತ್ತಲೇ ಇದ್ದ. ನಡುರಾತ್ರಿ ಕಳೆದು ಎರಡು ಗಂಟೆಯ ಸುಮಾರಿಗೆ, ದೊಂದಿಗಳ ನಡುವೆ ಜನರನ್ನು ಸೀಳಿಕೊಂಡು ಮಹಿಷಾಸುರ ಬರುತ್ತಿದ್ದಾಗ, ಒಂದೇ ಉಸಿರಿಗೆ ಹತ್ತಾರು ಚಿತ್ರಗಳನ್ನು ತೆಗೆದ ಬೆನ್ನಿಗೇ ಬ್ಯಾಟರಿ ಮುಗಿಯುವ ಸೂಚನೆ ಬಂತು. ಕ್ಯಾಮೆರಾದ ಹಿಂಬದಿಯ ಕೆಂಪು ದೀಪ ಇನ್ನೂ ಮಿನುಗುತ್ತಿರುವಾಗಲೇ, ಎಂದರೆ ಚಿತ್ರಗಳು ಇನ್ನೂ ಕಾರ್ಡಿಗೆ ಬರೆಯಲ್ಪಡುತ್ತಿರುವಾಗಲೇ, ಅವನು ಅವಸರದಲ್ಲಿ ಬ್ಯಾಟರಿಯನ್ನು ಹೊರಗೆಳೆದು ಹೊಸದನ್ನು ಹಾಕಿದ. ಆಮೇಲೆ ಕ್ಯಾಮೆರಾ ಆ ಕಾರ್ಡನ್ನು ಗುರುತಿಸಲಿಲ್ಲ. ಹುಡುಗನ ಜಾಣತನವನ್ನು ಇಲ್ಲಿ ಹೇಳಲೇಬೇಕು: ಅವನು ಕಾರ್ಡನ್ನು ತೆಗೆದು ಅಂಗಿಯ ಕಿಸೆಗೆ ಹಾಕಿ ಬೇರೊಂದು ಕಾರ್ಡಿನಲ್ಲಿ ಬೆಳಗಿನವರೆಗೆ ಕೆಲಸ ಮುಂದುವರಿಸಿದ, ಮರುದಿನ ಕಂಪ್ಯೂಟರ್ “ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು” ಎಂದು ಕೇಳಿದಾಗ ಒಪ್ಪಿಗೆ ಕೊಡಲಿಲ್ಲ.

ಅವಸರ ಮಾಡಿದ್ದು ಹಿರಿಯನಾದ ನಾನು. ಮುಂಬೈಯ ನೆಂಟರು ಫೋಟೊ ಕಳುಹಿಸಿ ಎಂದು ದಿನಕ್ಕೆ ಹತ್ತು ಸಲ ವಾಟ್ಸ್ಆ್ಯಪ್‌ನಲ್ಲಿ ಕೇಳುತ್ತಿದ್ದರೆಂದು, ಹುಡುಗನ ಮಾತನ್ನು ಕೇಳದೆ ಕಾರ್ಡನ್ನು ಪೇಟೆಯ ಒಂದು ಅಂಗಡಿಗೆ ಕೊಟ್ಟುಬಂದೆ. ರಶೀದಿ ಕೊಡಲಿಲ್ಲ, ನಾನೂ ಕೇಳಲಿಲ್ಲ. ಎರಡು ದಿನಗಳ ಬಳಿಕ 2,500 ರೂಪಾಯಿ ತೆಗೆದುಕೊಂಡು ಅದೇ ಕಾರ್ಡನ್ನು ಮರಳಿಸಿ, ಬರಬೇಕಾದದ್ದೆಲ್ಲ ಅದರಲ್ಲಿಯೇ ಇದೆ ಎಂದರು. ಮನೆಗೆ ಬಂದು ನೋಡಿದರೆ 290 ಚಿತ್ರಗಳಿದ್ದವು. ಅವುಗಳಲ್ಲಿ ಎಷ್ಟೋ ಚಿತ್ರಗಳ ಕೆಳಭಾಗ ಬರಿಯ ಬೂದು ಬಣ್ಣವಾಗಿತ್ತು.

ಎಷ್ಟಿರಬೇಕಿತ್ತು ಎಂಬುದು ನಮಗೆ ತಿಳಿದಿತ್ತು. ಕ್ಯಾಮೆರಾ ತೆಗೆದ ಪ್ರತಿಯೊಂದು ಚಿತ್ರಕ್ಕೂ ಕ್ರಮಸಂಖ್ಯೆ ಕೊಡುತ್ತದೆ, ಕಾರ್ಡ್ ಬದಲಾಯಿಸಿದರೂ ಎಣಿಕೆಯನ್ನು ಮುಂದುವರಿಸುವಂತೆ ಅದನ್ನು ಹೊಂದಿಸಿರಬಹುದು. ಆಟದ ಹಿಂದಿನ ದಿನ ಕಂಪ್ಯೂಟರಿಗೆ ಇಳಿಸಿದ ಕೊನೆಯ ಚಿತ್ರದ ಸಂಖ್ಯೆ 4126. ಆ ರಾತ್ರಿ ಎರಡನೆಯ ಕಾರ್ಡಿನಲ್ಲಿ ಬಂದ ಮೊದಲ ಚಿತ್ರದ ಸಂಖ್ಯೆ 4964. ನಡುವಿನ 837ರಲ್ಲಿ ಸರಿ ಬಾರದ ಸುಮಾರು ನಲವತ್ತನ್ನು ಹುಡುಗ ಅಲ್ಲಲ್ಲೇ ಅಳಿಸಿದ್ದನೆಂದು ಹಿಡಿದರೂ, ಎಂಟುನೂರರ ಹತ್ತಿರ ಚಿತ್ರಗಳು ಕಾರ್ಡಿನಲ್ಲಿ ಇರಲೇಬೇಕಿತ್ತು.

ಮುಂದೆ ಏನಾಯಿತು ಎಂಬುದನ್ನು ಹೇಳುವ ಮೊದಲು, ಕಾರ್ಡಿನೊಳಗೆ ಚಿತ್ರಗಳು ಹೇಗಿರುತ್ತವೆ ಎಂಬುದನ್ನು ಅಧ್ಯಾಪಕನಾಗಿದ್ದ ಅಭ್ಯಾಸಬಲದಿಂದ ಸ್ವಲ್ಪ ವಿವರಿಸುತ್ತೇನೆ. ನಮ್ಮ ಗದ್ದೆಗಳಿಗೂ ತಾಲೂಕು ಕಚೇರಿಯ ಆರ್‌ಟಿಸಿಗೂ (ಪಹಣಿಗೂ) ಇರುವ ಸಂಬಂಧವೇ ಕಾರ್ಡಿನಲ್ಲಿಯೂ ಇದೆ. ಚಿತ್ರ ಇರುವ ಜಾಗ ಬೇರೆ, ಆ ಜಾಗ ಯಾರದೆಂದು ಹೇಳುವ ದಾಖಲೆ ಬೇರೆ. 32 ಜಿಬಿಯವರೆಗಿನ ಎಸ್‌ಡಿಎಚ್‌ಸಿ ಕಾರ್ಡುಗಳಲ್ಲಿ ಈ ದಾಖಲೆಯನ್ನು ಇಡುವ ಪದ್ಧತಿಗೆ ಫ್ಯಾಟ್ 32 ಎಂದೂ, ಅದಕ್ಕಿಂತ ದೊಡ್ಡ ಎಸ್‌ಡಿಎಕ್ಸ್‌ಸಿ ಕಾರ್ಡುಗಳಲ್ಲಿ ಎಕ್ಸ್‌ಫ್ಯಾಟ್ ಎಂದೂ ಹೆಸರು. ಇಂಥ ಹೆಸರಿನ ಕಡತ ಇಷ್ಟು ದೊಡ್ಡದು, ಅದರ ಮೊದಲ ತುಂಡು ಇಲ್ಲಿದೆ, ಮುಂದಿನದು ಅಲ್ಲಿದೆ ಎಂದು ಅದರಲ್ಲಿ ಬರೆದಿರುತ್ತದೆ. ನಾವು ಒಂದು ಚಿತ್ರವನ್ನು ಅಳಿಸಿದಾಗ ಕ್ಯಾಮೆರಾ ಗದ್ದೆಗೆ ಇಳಿಯುವುದೇ ಇಲ್ಲ. ದಾಖಲೆಯಲ್ಲಿ ಆ ಹೆಸರಿಗೆ ಒಂದು ಗುರುತು ಹಾಕಿ, ಆ ಜಾಗ ಖಾಲಿ ಇದೆ, ಬೇರೆಯವರಿಗೆ ಕೊಡಬಹುದು ಎಂದು ಬರೆದುಕೊಳ್ಳುತ್ತದೆ ಅಷ್ಟೆ. ಸಾಮಾನ್ಯವಾದ ಕ್ಷಿಪ್ರ ಫಾರ್ಮ್ಯಾಟ್‌ನಲ್ಲಿ ಇಡೀ ದಾಖಲೆ ಪುಸ್ತಕವನ್ನೇ ಖಾಲಿ ಮಾಡುತ್ತಾರೆ. ಆದರೂ ಬೆಳೆ ಗದ್ದೆಯಲ್ಲಿ ನಿಂತೇ ಇರುತ್ತದೆ, ಇನ್ನೊಬ್ಬನು ಬಂದು ಉಳುವವರೆಗೆ. ದಾಖಲೆಯನ್ನು ತಿದ್ದುತ್ತಿರುವಾಗ ವಿದ್ಯುತ್ ನಿಂತುಹೋದರೆ ಪುಸ್ತಕ ಅಸ್ತವ್ಯಸ್ತವಾಗುತ್ತದೆ, ಕ್ಯಾಮೆರಾ ಅದನ್ನು ಓದಲಾರದೆ ಕಾರ್ಡೇ ಕೆಟ್ಟಿದೆ ಎನ್ನುತ್ತದೆ. ನಮ್ಮ ಕಾರ್ಡಿಗೆ ಆದದ್ದು ಇಷ್ಟೇ.

ದಾಖಲೆ ಇಲ್ಲದೆಯೂ ಬೆಳೆಯನ್ನು ಗುರುತಿಸಬಹುದು. ಜೆಪೆಗ್ ಮಾದರಿಯ ಪ್ರತಿಯೊಂದು ಚಿತ್ರವೂ ಎಫ್‌ಎಫ್ ಡಿ8 ಎಂಬ ಎರಡು ಬೈಟ್‌ಗಳಿಂದ ಆರಂಭವಾಗಿ ಎಫ್‌ಎಫ್ ಡಿ9 ಎಂಬ ಎರಡು ಬೈಟ್‌ಗಳಲ್ಲಿ ಮುಗಿಯುತ್ತದೆ. ಕಾರ್ಡಿನ ಮೊದಲ ಮೂಲೆಯಿಂದ ಕೊನೆಯ ಮೂಲೆಯವರೆಗೆ ಈ ಗುರುತುಗಳನ್ನು ಹುಡುಕುತ್ತ ಹೋಗಿ ಚಿತ್ರಗಳನ್ನು ಎತ್ತಿಕೊಡುವ ತಂತ್ರಾಂಶಗಳಿವೆ. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೇ ಅವರು ಬರೆದ ಫೋಟೊರೆಕ್ ಅವುಗಳಲ್ಲಿ ಒಂದು. ಅದು ಉಚಿತ, ಮುಕ್ತ ತಂತ್ರಾಂಶ, ಮೂಲ ಕಾರ್ಡಿನಿಂದ ಓದುತ್ತದೆಯೇ ಹೊರತು ಅದನ್ನು ತಿದ್ದಲು ಹೋಗುವುದಿಲ್ಲ. ಸಿಕ್ಕಿದ ಚಿತ್ರಗಳನ್ನು ಎಲ್ಲಿ ಇಡಬೇಕೆಂದು ಅದು ನಮ್ಮನ್ನೇ ಕೇಳುತ್ತದೆ. ಇಡೀ ವಿದ್ಯೆಯ ಮರ್ಮ ಇರುವುದು ಆ ಪ್ರಶ್ನೆಗೆ ನಾವು ಕೊಡುವ ಉತ್ತರದಲ್ಲಿ.

ನಾನು ಕಾರ್ಡ್ ಕೊಟ್ಟ ಅಂಗಡಿಯ ಹುಡುಗ ಏನು ಮಾಡಿದ್ದ ಎಂಬುದು ನಮ್ಮ ನೆರೆಮನೆಯ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಕಾರ್ಡನ್ನು ಪರೀಕ್ಷಿಸಿದಾಗ ಗೊತ್ತಾಯಿತು. ಕಾರ್ಡನ್ನು ಮೊದಲು ಫಾರ್ಮ್ಯಾಟ್ ಮಾಡಿ ಅದು ಓದಲು ಬರುವಂತೆ ಮಾಡಿಕೊಂಡಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ದೊಡ್ಡ ಹಾನಿ ಆಗುತ್ತಿರಲಿಲ್ಲ. ಆದರೆ ಹುಡುಕಿ ತೆಗೆದ 290 ಚಿತ್ರಗಳನ್ನು ತನ್ನ ಕಂಪ್ಯೂಟರಿನಲ್ಲಿ ಉಳಿಸಿಡುವ ಬದಲು ಅದೇ ಕಾರ್ಡಿಗೆ ಮರಳಿ ತುಂಬಿಸಿದ್ದ. ಹೊಸದಾಗಿ ಫಾರ್ಮ್ಯಾಟ್ ಆದ ಕಾರ್ಡ್ ತುಂಬುತ್ತ ಬಂದದ್ದು ಮೊದಲ ಸಾಲಿನಿಂದ; ಆ ಜಾಗದಲ್ಲಿ ಇದ್ದವು ಸಂಜೆಯ ಚಿತ್ರಗಳು. ಒಂದೊಂದು ಚಿತ್ರ ಸುಮಾರು ಏಳು ಎಂಬಿಯಂತೆ ಲೆಕ್ಕ ಹಾಕಿದರೆ, ಎರಡು ಜಿಬಿಯಷ್ಟು ಹಳೆಯ ಮಾಹಿತಿಯ ಮೇಲೆ ಹೊಸದು ಕುಳಿತಿತು. ಫ್ಲ್ಯಾಶ್ ಮೆಮೊರಿಯಲ್ಲಿ ಒಮ್ಮೆ ಹೀಗೆ ಬರೆದುಹೋದ ಮೇಲೆ ಅಡಿಯಲ್ಲಿ ಇದ್ದದ್ದನ್ನು ಯಾವ ತಂತ್ರಾಂಶವೂ ಎತ್ತಿಕೊಡಲಾರದು.

ವಿದ್ಯಾರ್ಥಿ ಮಾಡಿದ ಕೆಲಸದ ಕ್ರಮ ಬೇರೆಯೇ ಇತ್ತು. ಕಾರ್ಡಿನ ಬದಿಯಲ್ಲಿರುವ ಚಿಕ್ಕ ಬೀಗವನ್ನು ಕೆಳಕ್ಕೆ ಸರಿಸಿದ. ಅದು ಕಾರ್ಡಿನೊಳಗಿನ ಬೀಗವಲ್ಲ, ಕಾರ್ಡನ್ನು ಕಂಪ್ಯೂಟರಿಗೆ ಜೋಡಿಸುವ ರೀಡರ್ ನೋಡಿ ಗೌರವಿಸಬೇಕಾದ ಒಂದು ಸೂಚನೆ ಮಾತ್ರ ಎಂದು ಅವನೇ ಎಚ್ಚರಿಸಿದ. ಚಿನ್ನದ ಬಣ್ಣದ ಸಂಪರ್ಕ ಪಟ್ಟಿಗಳನ್ನು ಒಣಬಟ್ಟೆಯಿಂದ ಒರಸಿ, ಬೇರೆಯೇ ಒಂದು ಕಾರ್ಡ್ ರೀಡರಿಗೆ ಹಾಕಿದ. ಎಷ್ಟೋ ಸಲ ಕೆಟ್ಟಿರುವುದು ಕಾರ್ಡ್ ಅಲ್ಲ, ರೀಡರ್ ಅಥವಾ ಮೈಕ್ರೊ ಎಸ್‌ಡಿಯನ್ನು ತೂರಿಸುವ ಅಡಾಪ್ಟರ್ ಎಂದ. ಚಿತ್ರಗಳನ್ನು ಹುಡುಕುವ ಗೋಜಿಗೇ ಹೋಗದೆ, ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಇಡೀ 32 ಜಿಬಿಯನ್ನು, ಖಾಲಿ ಎಂದು ದಾಖಲಾದ ಜಾಗವನ್ನೂ ಸೇರಿಸಿ, ಒಂದೇ ದೊಡ್ಡ ಕಡತವಾಗಿ ತನ್ನ ಕಂಪ್ಯೂಟರಿಗೆ ನಕಲು ಮಾಡಿಕೊಂಡ. ಸುಲಭವಾಗಿ ಓದಲು ಬರುವ ಭಾಗಗಳನ್ನೆಲ್ಲ ಮೊದಲು ತೆಗೆದುಕೊಂಡು, ತೊಡಕಿನ ಭಾಗಗಳಿಗೆ ಆಮೇಲೆ ಮರಳಿ ಬಂದು ಮತ್ತೆ ಮತ್ತೆ ಪ್ರಯತ್ನಿಸುವುದು ಆ ತಂತ್ರಾಂಶದ ಗುಣ. ಸಾಯುತ್ತಿರುವ ಕಾರ್ಡಿಗೆ ಇದೇ ಸರಿಯಾದ ಶುಶ್ರೂಷೆ. ನಕಲು ಮುಗಿದ ಬಳಿಕ ಕಾರ್ಡನ್ನು ಲಕೋಟೆಗೆ ಹಾಕಿ ನನ್ನ ಕೈಗೆ ಕೊಟ್ಟ. ಮುಂದಿನ ಎಲ್ಲ ಹುಡುಕಾಟವೂ ನಕಲಿನ ಮೇಲೆಯೇ ನಡೆಯಿತು. ತಪ್ಪಿದರೆ ಹೋಗುವುದು ನಕಲು, ಮೂಲಕ್ಕೆ ಏನೂ ಆಗುವುದಿಲ್ಲ.

ಕೊನೆಗೆ ದೊರೆತದ್ದು ಪೂರ್ಣ ಚಿತ್ರಗಳು 517, ಅರ್ಧಂಬರ್ಧ ಚಿತ್ರಗಳು 96. ಉಳಿದವುಗಳ ಸುಳಿವಿಲ್ಲ. ದಾಖಲೆ ಪುಸ್ತಕ ಹೋಗಿದ್ದರಿಂದ ಹಳೆಯ ಹೆಸರುಗಳೂ ಹೋಗಿ, ಎಲ್ಲದಕ್ಕೂ ಎಫ್ ಅಕ್ಷರದ ಮುಂದೆ ಉದ್ದದ ಅಂಕೆಗಳಿದ್ದ ಹೆಸರುಗಳು ಬಂದಿದ್ದವು. ಚಿತ್ರದ ಒಳಗೇ ಅಡಗಿರುವ ಎಕ್ಸಿಫ್ ಮಾಹಿತಿಯಲ್ಲಿ ತೆಗೆದ ದಿನ ಮತ್ತು ಗಂಟೆ ಇರುತ್ತದಾದ್ದರಿಂದ ಅವನ್ನು ಮತ್ತೆ ಸಾಲಾಗಿ ಜೋಡಿಸಲು ಕಷ್ಟವಾಗಲಿಲ್ಲ. ಕ್ಯಾಮೆರಾದ ಗಡಿಯಾರದಲ್ಲಿ ಹಗಲು ರಾತ್ರಿ ಅದಲುಬದಲಾಗಿದ್ದುದರಿಂದ ಮಹಿಷಾಸುರ ನಮ್ಮಲ್ಲಿಗೆ ಮಧ್ಯಾಹ್ನದ ಊಟ ಮುಗಿಸಿ ಎರಡು ಗಂಟೆಗೆ ಬಂದಂತೆ ದಾಖಲಾಗಿದೆ ಎಂಬುದು ಬೇರೆ ಮಾತು.

ಅರ್ಧ ಚಿತ್ರಗಳ ಬಗ್ಗೆ ಒಂದು ಮಾತು. ಜೆಪೆಗ್ ಚಿತ್ರ ಚಾಪೆ ಬಿಚ್ಚಿದಂತೆ ಮೇಲಿನಿಂದ ಕೆಳಕ್ಕೆ ತೆರೆದುಕೊಳ್ಳುತ್ತದೆ. ಕೊನೆಯ ತುಂಡು ಸಿಗದಿದ್ದರೆ ಕೆಳಭಾಗ ಬೂದಾಗಿ ಉಳಿಯುತ್ತದೆ. ಚಿತ್ರದ ತುಂಡುಗಳು ಒಂದರ ಪಕ್ಕದಲ್ಲಿ ಒಂದಿದ್ದರೆ ಹುಡುಕುವ ತಂತ್ರಾಂಶಕ್ಕೆ ತೊಂದರೆಯಿಲ್ಲ. ಕೆಲವು ಕ್ಯಾಮೆರಾಗಳು ನಡುನಡುವೆ ಅಳಿಸಿದ ಚಿತ್ರಗಳ ಖಾಲಿ ಜಾಗಗಳಿಗೆ ಹೊಸ ಚಿತ್ರದ ಒಂದು ತುಂಡನ್ನು ತುರುಕಿ, ಉಳಿದದ್ದನ್ನು ಬೇರೆಲ್ಲೋ ಇಡುವುದರಿಂದ ಆಮೇಲೆ ಜೋಡಿ ಕೂಡಿಸುವುದು ಕಷ್ಟವಾಗುತ್ತದೆ. ಆದುದರಿಂದ ಸರಿ ಬಾರದ ಚಿತ್ರಗಳನ್ನು ಅಲ್ಲಲ್ಲೇ ಅಳಿಸುವ ಚಾಳಿಯನ್ನು ಬಿಟ್ಟು, ಮನೆಗೆ ಬಂದು ಕಂಪ್ಯೂಟರಿಗೆ ಇಳಿಸಿದ ಮೇಲೆ ಆರಿಸುವುದು ಮೇಲು. ನನ್ನ ತಂದೆಯ ಅಕ್ಕ ಚೌಕಿಯಲ್ಲಿ ಗಣಪತಿಯ ಆರತಿ ತೆಗೆದುಕೊಳ್ಳುತ್ತಿದ್ದ ಚಿತ್ರವೊಂದಿತ್ತು. ಅಂಗಡಿಯವನ ತಂತ್ರಾಂಶ ಅದನ್ನು ಅರ್ಧಕ್ಕೆ ಎತ್ತಿತ್ತು. ಉಳಿದ ಅರ್ಧ ಕಾರ್ಡಿನಲ್ಲಿ ಬೇರೆ ಕಡೆ ಇದ್ದಿರಬೇಕು, ಆದರೆ ಆ ಸಂಜೆಯ ಸಾಲಿನ ಮೇಲೆಯೇ ಅವನು ಮರಳಿ ಬರೆದಿದ್ದ. ಹಾಗಾಗಿ ದೊಡ್ಡ ಚಿತ್ರದಲ್ಲಿ ಅತ್ತೆಯ ತಲೆಯ ಮೇಲಿನ ಚಪ್ಪರದ ಮಾವಿನೆಲೆಗಳೂ ಅವರ ಹಣೆಯೂ ಇವೆ, ಅದರ ಕೆಳಗೆ ಬೂದು. ಕ್ಯಾಮೆರಾ ತನ್ನ ಪರದೆಯಲ್ಲಿ ತೋರಿಸಲೆಂದು ಪ್ರತಿ ಚಿತ್ರದ ಆರಂಭದ ಭಾಗದಲ್ಲಿಯೇ 160ಕ್ಕೆ 120 ಚುಕ್ಕೆಗಳ ಒಂದು ಕಿರುಚಿತ್ರವನ್ನು ಇಟ್ಟಿರುತ್ತದೆ. ಅದೊಂದು ಪೂರ್ತಿಯಾಗಿ ಸಿಕ್ಕಿತು. ಅತ್ತೆ ಮಳೆಗಾಲದ ಆಟಿ ತಿಂಗಳಿನಲ್ಲಿ ತೀರಿಕೊಂಡರು.

ಎಲ್ಲ ಕಾರ್ಡುಗಳೂ ಹೀಗೆ ಮನೆಯಲ್ಲಿಯೇ ಗುಣವಾಗುತ್ತವೆ ಎಂದು ನಾನು ಹೇಳುತ್ತಿಲ್ಲ. ಮೆಮೊರಿ ಚಿಪ್ಪನ್ನು ನೋಡಿಕೊಳ್ಳುವ ಕಂಟ್ರೋಲರ್ ಎಂಬ ಪುಟ್ಟ ಭಾಗ ಸತ್ತರೆ ಕಂಪ್ಯೂಟರ್ ಕಾರ್ಡನ್ನು ಕಾಣುವುದೇ ಇಲ್ಲ, ಕಂಡರೂ ಅದರ ಗಾತ್ರವನ್ನು ಸೊನ್ನೆ ಎನ್ನುತ್ತದೆ. ಆಗ ಯಾವ ತಂತ್ರಾಂಶವನ್ನು ಓಡಿಸಿದರೂ ಪ್ರಯೋಜನವಿಲ್ಲ. ಕಾರ್ಡಿನ ಮೇಲ್ಪದರವನ್ನು ಕೆರೆದು, ಒಳಗಿನ ಬಿಂದುಗಳಿಗೆ ಕೂದಲೆಳೆಯಂಥ ತಂತಿಗಳನ್ನು ಬೆಸೆದು ಚಿಪ್ಪಿನಿಂದ ನೇರವಾಗಿ ಓದುವ ಪ್ರಯೋಗಾಲಯಗಳಿಗೆ ಕಳುಹಿಸಬೇಕಾಗುತ್ತದೆ, ಅದು ದುಬಾರಿ. ನಕಲಿ ಕಾರ್ಡುಗಳದ್ದು ಇನ್ನೊಂದು ಕಥೆ. ಮೇಲೆ 128 ಜಿಬಿ ಎಂದು ಮುದ್ರಿಸಿ ಒಳಗೆ 8 ಜಿಬಿಯ ಚಿಪ್ಪಿಟ್ಟ ಕಾರ್ಡುಗಳು ಜಾತ್ರೆಯ ಸಂತೆಯಿಂದ ಹಿಡಿದು ಆನ್‌ಲೈನ್ ಮಾರಾಟದವರೆಗೆ ಎಲ್ಲೆಡೆ ಸುಳಿಯುತ್ತವೆ. ಎಂಟು ಜಿಬಿ ತುಂಬಿದ ಮೇಲೆ ಕಡತಗಳ ಹೆಸರುಗಳು ಮಾತ್ರ ದಾಖಲಾಗುತ್ತ ಹೋಗುತ್ತವೆ, ಒಳಗೆ ಏನೂ ಇರುವುದಿಲ್ಲ. ಇಲ್ಲದ್ದನ್ನು ಯಾರೂ ಮರಳಿ ತರಲಾರರು. ಕಾರ್ಡ್ ಕೊಂಡ ದಿನವೇ ಎಚ್2ಟೆಸ್ಟ್‌ಡಬ್ಲ್ಯು ಅಥವಾ ಎಫ್3 ಎಂಬ ಉಚಿತ ತಂತ್ರಾಂಶದಿಂದ ಅದನ್ನು ಪೂರ್ತಿ ತುಂಬಿಸಿ, ಮರಳಿ ಓದಿ ತಾಳೆ ನೋಡಿದರೆ ಮೋಸ ಗೊತ್ತಾಗುತ್ತದೆ. ಮೊಬೈಲಿನ ಒಳಸಂಗ್ರಹದ ಭಾಗವನ್ನಾಗಿ ಮಾಡಿಕೊಂಡ ಮೈಕ್ರೊ ಎಸ್‌ಡಿ ಕಾರ್ಡುಗಳು ಗೂಢಲಿಪಿಯಲ್ಲಿ ಇರುವುದರಿಂದ ಆ ಮೊಬೈಲ್ ಹೋದರೆ ಅವೂ ಹೋದಂತೆಯೇ.

ನಮ್ಮ ಊರಿನ ಹವೆಯನ್ನೂ ಮರೆಯುವಂತಿಲ್ಲ. ಮಲ್ಪೆಯಿಂದ ಪಣಂಬೂರಿನವರೆಗೆ ಉಪ್ಪುಗಾಳಿ, ಜೂನ್ ಬಂದರೆ ಗೋಡೆಯೂ ಬೆವರುವ ತೇವ. ಹಿಂದೆ ಮಳೆಗಾಲದಲ್ಲಿ ನೆಗೆಟಿವ್‌ಗಳಿಗೆ ಬೂಷ್ಟು ಹಿಡಿಯುತ್ತಿತ್ತು, ಈಗ ಕಾರ್ಡಿನ ಮತ್ತು ರೀಡರಿನ ಸಂಪರ್ಕ ಪಟ್ಟಿಗಳು ಮಂಕಾಗುತ್ತವೆ. ಒಂದು ವ್ಯತ್ಯಾಸವಿದೆ: ಬೂಷ್ಟು ಮೂವತ್ತಾರು ನೆಗೆಟಿವ್‌ಗಳನ್ನೂ ಒಂದೇ ಕ್ಷಣದಲ್ಲಿ ನುಂಗುತ್ತಿರಲಿಲ್ಲ. ಕಾರ್ಡುಗಳನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್‌ನ ಪೊಟ್ಟಣದೊಂದಿಗೆ ಇಡುವುದು ಹೆಚ್ಚು ಖರ್ಚಿನ ಕೆಲಸವಲ್ಲ.

ಈಗ ಈ ಪತ್ರದ ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ಅಂಗಡಿಯ ಹುಡುಗನ ಮೇಲೆ ನನಗೆ ಕೋಪವಿಲ್ಲ. ಕೆಟ್ಟದ್ದನ್ನು ನಡೆಯುವಂತೆ ಮಾಡುವುದೇ ರಿಪೇರಿ ಎಂದು ಅವನು ಕಲಿತಿದ್ದಾನೆ, ಕಾರ್ಡ್ ಈಗ ನಡೆಯುತ್ತಿದೆ ಕೂಡ. ಆದರೆ ಮೆಮೊರಿ ಕಾರ್ಡ್ ತಂದುಕೊಡುವ ಗಿರಾಕಿಗೆ ಬೇಕಾದದ್ದು ನಾನೂರೈನೂರು ರೂಪಾಯಿಯ ಆ ಕಾರ್ಡ್ ಅಲ್ಲ ಎಂಬುದನ್ನು ಈ ವ್ಯವಹಾರದಲ್ಲಿರುವವರು ಅರಿಯಬೇಕು. ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ದತ್ತಾಂಶ ಮರುಪಡೆಯುವಿಕೆಯ ಫಲಕ ತೂಗುಹಾಕಿರುವ ಅಂಗಡಿಗಳಿಗೆ ನನ್ನ ವಿನಂತಿಯೆಂದರೆ, ಕಾರ್ಡ್ ಕೈಗೆ ಬಂದ ಕೂಡಲೇ ಬೇರೇನನ್ನೂ ಮಾಡದೆ ಅದರ ಪೂರ್ಣ ನಕಲನ್ನು ಮಾಡಿಕೊಳ್ಳಲಿ. ನಕಲು ಮಾಡುವ ಅನುಕೂಲ ಇಲ್ಲದವರು ಕಾರ್ಡನ್ನು ಮುಟ್ಟದೆ ಮರಳಿಸಲಿ. ದೊರೆತ ಚಿತ್ರಗಳನ್ನು ಪೆನ್‌ಡ್ರೈವ್‌ನಲ್ಲಿಯೋ ಬೇರೆ ಡಿಸ್ಕ್‌ನಲ್ಲಿಯೋ ಕೊಡಲಿ. ಕಾರ್ಡಿನ ಗಾತ್ರ, ತಂದಾಗಿನ ಸ್ಥಿತಿ, ಚಿತ್ರ ಸಿಗದಿದ್ದರೂ ಕೊಡಬೇಕಾದ ಹಣ, ಕೆಲಸ ಮುಗಿದ ಮೇಲೆ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದ ಪ್ರತಿಯನ್ನು ಎಂದು ಅಳಿಸುತ್ತಾರೆ ಎಂಬುದು ಎಲ್ಲವೂ ರಶೀದಿಯಲ್ಲಿ ಬರಲಿ. ಮನೆಯ ಹೆಣ್ಣುಮಕ್ಕಳ ಚಿತ್ರಗಳು, ಆಧಾರ್ ಕಾರ್ಡಿನ ಫೋಟೊಗಳು ಇರುವ ಕಾರ್ಡನ್ನು ಗುರುತಿಲ್ಲದವರ ಕಂಪ್ಯೂಟರಿಗೆ ಹಾಕುತ್ತಿದ್ದೇವೆ ಎಂಬ ಯೋಚನೆ ನನಗೂ ಆ ದಿನ ಬಂದಿರಲಿಲ್ಲ.

ಇದು ಬರಿಯ ಸೌಜನ್ಯದ ಕೋರಿಕೆಯಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಒದಗಿಸಿದ ಸೇವೆಗೆ ಬಿಲ್ಲನ್ನಾಗಲಿ ರಶೀದಿಯನ್ನಾಗಲಿ ಕೊಡದಿರುವುದನ್ನೂ, ಗ್ರಾಹಕ ನಂಬಿಕೆಯಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನಿಗೆ ಹೊರತಾಗಿ ಇನ್ನೊಬ್ಬರಿಗೆ ಬಿಟ್ಟುಕೊಡುವುದನ್ನೂ ಅನುಚಿತ ವ್ಯಾಪಾರ ಪದ್ಧತಿ ಎಂದು ಎಣಿಸಲಾಗಿದೆ. ನಿರ್ಲಕ್ಷ್ಯದಿಂದ ಗ್ರಾಹಕನಿಗೆ ನಷ್ಟ ಉಂಟುಮಾಡಿದರೆ ಅದು ಸೇವಾ ನ್ಯೂನತೆ. ಕೊಟ್ಟ ಹಣ ಐದು ಲಕ್ಷ ರೂಪಾಯಿ ದಾಟದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಶುಲ್ಕವಿಲ್ಲ, ಎರಡು ವರ್ಷಗಳ ಒಳಗೆ ಕೊಡಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ನಾನು ದೂರು ಕೊಡಲಿಲ್ಲ. ರಶೀದಿಯೇ ಇಲ್ಲದವನು ಯಾವ ಕಾಗದವನ್ನು ಹಿಡಿದುಕೊಂಡು ಹೋಗಬೇಕು? ಓದುಗರು ಕಾರ್ಡ್ ಕೊಡುವ ಮೊದಲು ರಶೀದಿ ಕೇಳಿ ಪಡೆಯಬೇಕೆಂದು ಬರೆಯುತ್ತಿರುವುದು ಅದಕ್ಕಾಗಿಯೇ.

ಮದುವೆಯ ಚಿತ್ರ ತೆಗೆಯುವ ವೃತ್ತಿನಿರತ ಛಾಯಾಗ್ರಾಹಕರು ಎರಡು ಕಾರ್ಡುಗಳಿಗೆ ಏಕಕಾಲಕ್ಕೆ ಬರೆಯುವ ಕ್ಯಾಮೆರಾಗಳನ್ನು ಬಳಸುತ್ತಿದ್ದಾರೆ, ಅವರಿಗೆ ನಾನು ಹೇಳಿಕೊಡಬೇಕಾದದ್ದೇನೂ ಇಲ್ಲ. ತೊಂದರೆಗೆ ಸಿಲುಕುವವರು ನಮ್ಮ ಮನೆಯ ಹುಡುಗನಂಥ ಹವ್ಯಾಸಿಗಳು ಮತ್ತು ಮೊಬೈಲಿನಲ್ಲಿ ಚಿತ್ರ ತೆಗೆಯುವ ಸಾಮಾನ್ಯರು. ಮಣಿಪಾಲ, ನಿಟ್ಟೆ, ಸುರತ್ಕಲ್‌ಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾವಿರಾರು ವಿದ್ಯಾರ್ಥಿಗಳಿದ್ದಾರೆ. ಈ ಕೆಲಸಕ್ಕೆ ಬೇಕಾದ ತಂತ್ರಾಂಶಗಳು ಉಚಿತ, ಬೇಕಾದ ಯಂತ್ರವೆಂದರೆ ಒಂದು ಸಾಧಾರಣ ಕಂಪ್ಯೂಟರ್ ಮತ್ತು ಒಂದು ಒಳ್ಳೆಯ ಕಾರ್ಡ್ ರೀಡರ್. ತಿಂಗಳಿಗೆ ಒಂದು ಭಾನುವಾರ, ಅರ್ಧ ದಿನದ ಮಟ್ಟಿಗೆ, ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಅವರು ಒಂದು ಮೇಜು ಹಾಕಿಕೊಂಡು ಕುಳಿತು, ಕಾರ್ಡಿನ ಮಾಲೀಕರ ಕಣ್ಣೆದುರಿಗೇ ನಕಲು ಮಾಡಿ ಅವರ ಪೆನ್‌ಡ್ರೈವ್‌ಗೆ ಹಾಕಿಕೊಡುವ ವ್ಯವಸ್ಥೆಯನ್ನು ಕಾಲೇಜುಗಳೂ ಗ್ರಂಥಾಲಯ ಇಲಾಖೆಯೂ ಕೂಡಿ ಮಾಡಬಹುದೇ ಎಂದು ತಮ್ಮ ಪತ್ರಿಕೆಯ ಮೂಲಕ ಕೇಳಬಯಸುತ್ತೇನೆ. ನಮ್ಮ ನೆರೆಮನೆಯ ವಿದ್ಯಾರ್ಥಿ, ಯಾರಾದರೂ ಮೇಜು ಹಾಕಿಸಿಕೊಟ್ಟರೆ ಮೊದಲ ಭಾನುವಾರ ತಾನು ಬರುವುದಾಗಿ ಒಪ್ಪಿದ್ದಾನೆ.

ಇತಿ,
ಓರ್ವ ನಿವೃತ್ತ ಪ್ರೌಢಶಾಲಾ ಅಧ್ಯಾಪಕ
ಕಡಿಯಾಳಿ, ಉಡುಪಿ